ಖಿನ್ನತೆಗೆ ರಕ್ತ ಪರೀಕ್ಷೆ ಪ್ಯಾಕೇಜ್: ಐದಕ್ಕೆ ಎರಡು ಸ್ಟಾರ್

ಲ್ಯಾಬಿನ ಹೆಸರು ಬೇಡ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ನನ್ನ ತಮ್ಮನಿಗೆ ‘ಮೂಡ್ ಮತ್ತು ಉರಿಯೂತ’ ಎಂಬ ಪ್ಯಾಕೇಜ್ ಬುಕ್ ಮಾಡಿದ್ದೆವು. ಲ್ಯಾಬಿನ ಹುಡುಗ ಹೇಳಿದ ಹೊತ್ತಿಗೆ ಮನೆಗೆ ಬಂದ, ಒಂದೇ ಸಲಕ್ಕೆ ನರ ಸಿಕ್ಕಿತು, ರಿಪೋರ್ಟೂ ಬೇಗ ಬಂತು. ಎರಡು ಸ್ಟಾರ್ ಅದಕ್ಕೇ.

ತಕರಾರು ಇರುವುದು ರಿಪೋರ್ಟಿನ ಬಗ್ಗೆ. ಎಚ್‌ಎಸ್-ಸಿಆರ್‌ಪಿ (ರಕ್ತದಲ್ಲಿನ ಸಿಆರ್‌ಪಿಯನ್ನು ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆ) 4.2, ಪಕ್ಕದಲ್ಲಿ ಕೆಂಪು ಬಾಣ, ಕೆಳಗೆ ‘ಖಿನ್ನತೆ ಹಾಗೂ ಆತ್ಮಹತ್ಯೆಯ ಅಪಾಯ ಜಾಸ್ತಿ’ ಎಂಬ ಸಾಲು. ಆಗಲೇ ಕುಗ್ಗಿರುವವನ ಮೊಬೈಲಿಗೆ ಇದನ್ನು ಹಾಗೇ ಕಳಿಸುತ್ತಾರಾ? ಸಿಆರ್‌ಪಿ ಲಿವರ್‌ನಲ್ಲಿ ತಯಾರಾಗುವ ಪ್ರೋಟೀನ್, ಮೈಯಲ್ಲಿ ಉರಿಯೂತ (ಸೋಂಕು, ಗಾಯಕ್ಕೆ ಮೈ ತೋರುವ ಪ್ರತಿಕ್ರಿಯೆ) ಇದೆಯಾ ಅಂತ ತಿಳಿಯಲು ಅಳೆಯುವುದು ಇದನ್ನೇ. ಸೋಂಕಾದರೆ ಏರುತ್ತದೆ, ವಸಡು ಊದಿದರೂ, ಮೈತೂಕ ಜಾಸ್ತಿಯಿದ್ದರೂ, ಸಿಗರೇಟು ಸೇದಿದರೂ ಏರುತ್ತದೆ. 3 ದಾಟಿದರೆ ಅಪಾಯ ಎಂಬ ಗೆರೆ ಎಳೆದದ್ದೇ ಹೃದಯದ ಕಾಯಿಲೆ ಲೆಕ್ಕದಲ್ಲಿ. ತಮ್ಮನಿಗೆ ಆಗ ವಸಡು ಊದಿ ಹಲ್ಲುನೋವಿತ್ತು, ಅದನ್ನು ಕೇಳುವ ಕಾಲಂ ಕೂಡ ಫಾರಂನಲ್ಲಿ ಇರಲಿಲ್ಲ.

ಹಾಗಂತ ಉರಿಯೂತದ ಮಾತು ಬರೀ ಬುರುಡೆಯಲ್ಲ. ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕಿಗೆ ಇಂಟರ್‌ಫೆರಾನ್ ಎಂಬ, ಉರಿಯೂತ ಏರಿಸುವ ಔಷಧಿ ಕೊಡುತ್ತಿದ್ದ ಕಾಲದಲ್ಲಿ ಎಷ್ಟೋ ಜನ ಅದರಿಂದಲೇ ಖಿನ್ನತೆಗೆ ಜಾರಿದ್ದರು. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಆತ್ಮಹತ್ಯೆಗೆ ಯತ್ನಿಸಿದವರಲ್ಲಿ ಐಎಲ್-6 ಎಂಬ ಉರಿಯೂತದ ಅಂಶ ಜಾಸ್ತಿ ಇರುವುದನ್ನು ಕಂಡರು. ಆದರೆ ಅವರು ಅದನ್ನು ಕಂಡದ್ದು ಬೆನ್ನುಹುರಿಯ ದ್ರವದಲ್ಲಿ, ನಮ್ಮ ಹುಡುಗನ ತೋಳಿಂದ ತೆಗೆದದ್ದು ರಕ್ತ! 2013ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು, ಮಾತ್ರೆಗೆ ಬಗ್ಗದ ಖಿನ್ನತೆಯಿದ್ದ 60 ಜನರಲ್ಲಿ ಕೆಲವರಿಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಉರಿಯೂತ ತಗ್ಗಿಸುವ ಔಷಧಿಯನ್ನೂ ಉಳಿದವರಿಗೆ ಔಷಧಿಯೇ ಇಲ್ಲದ ಡಮ್ಮಿಯನ್ನೂ ಡ್ರಿಪ್‌ನಲ್ಲಿ ಕೊಟ್ಟು ನೋಡಿದರು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಸಿಆರ್‌ಪಿ 5ಕ್ಕಿಂತ ಮೇಲಿದ್ದವರಲ್ಲಿ ಉಪಯೋಗದ ಸುಳಿವು ಸಿಕ್ಕಿತು, ಕಡಿಮೆಯಿದ್ದವರಿಗೆ ಡಮ್ಮಿಯೇ ವಾಸಿ ಅನ್ನುವಂತಾಯಿತು. ಖಿನ್ನತೆ ಇರುವವರೆಲ್ಲರ ಮೈಯಲ್ಲಿ ಉರಿಯೂತ ಇರುವುದಿಲ್ಲ, ಅಲ್ವಾ. ಇನ್ನು ಯಾರು ಜೀವಕ್ಕೆ ಅಪಾಯ ಮಾಡಿಕೊಳ್ಳುತ್ತಾರೆ ಅಂತ ಹೇಳುವ ರಕ್ತ ಪರೀಕ್ಷೆಯಂತೂ ಸದ್ಯಕ್ಕೆ ಇಲ್ಲವೇ ಇಲ್ಲ.

ರಿಪೋರ್ಟ್ ಜೊತೆ ಅರಿಶಿನದ ಕ್ಯಾಪ್ಸೂಲಿಗೆ ಡಿಸ್ಕೌಂಟ್ ಕೂಪನ್ ಬೇರೆ! ಅಮ್ಮ ಸಾರಿಗೆ ಹಾಕೋದು ಸಾಲದು ಅಂತ ಕಾಣುತ್ತೆ.

ನಮ್ಮ ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು, ನಿದ್ದೆ ಹೇಗಿದೆ, ಸಾಯಬೇಕು ಅಂತ ಅನ್ನಿಸುತ್ತಾ ಎಂದು ನೇರವಾಗಿ ಅವನನ್ನೇ ಕೇಳಿದರು. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಅಂಥ ಸಾಲು ಬರೆಯುವ ಲ್ಯಾಬ್ ಕೊನೇಪಕ್ಷ ಅದರ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಹಾಕಬಹುದಿತ್ತು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಿಆರ್‌ಪಿ ನೋಡಲೇಬೇಕು ಅಂತ ಡಾಕ್ಟರು ಹೇಳಿದರೆ ಅದೊಂದನ್ನೇ ಮಾಡಿಸಿ, ಪ್ಯಾಕೇಜಿನ ಅರ್ಧ ದುಡ್ಡೂ ಆಗುವುದಿಲ್ಲ.