ಡೆಫ್ರಾದ ಮೂರು ಯೋಜನೆ: ಯಾರಿಗೆ ಯಾವುದು?

ಇಂಗ್ಲೆಂಡಿನಲ್ಲಿ ಜಮೀನು ಗೇಣಿಗೆ ಹಿಡಿದಿರುವ ಗೆಳೆಯರೊಬ್ಬರು ಕೇಳಿದ್ದರು, ಡೆಫ್ರಾದ ಯಾವ ಯೋಜನೆಗೆ ಸೇರಲಿ ಎಂದು. ಡೆಫ್ರಾ ಅಂದರೆ ಪರಿಸರ, ಕೃಷಿ, ಮೀನುಗಾರಿಕೆ, ಹಳ್ಳಿಗಾಡು ಎಲ್ಲವನ್ನೂ ನೋಡಿಕೊಳ್ಳುವ ಬ್ರಿಟನ್ ಸರ್ಕಾರದ ಇಲಾಖೆ. ಅದು ಹುಟ್ಟಿದ್ದು 2001ರಲ್ಲಿ. ಮೊದಲು ರೈತರಿಗೆ ಜಮೀನಿನ ಅಳತೆ ನೋಡಿ ಹಣ ಕೊಡುತ್ತಿದ್ದರು. ಈಗ ಮಣ್ಣು, ನೀರು, ಹಕ್ಕಿಗಳಿಗೆ ಒಳ್ಳೆಯದಾಗುವ ಕೆಲಸಕ್ಕೆ ಕೊಡುತ್ತಾರೆ. ನನಗೆ ಇದೇ ಸರಿ ಅನಿಸುತ್ತದೆ.

ಎಷ್ಟು ವರ್ಷದ ಒಪ್ಪಂದಕ್ಕೆ ಬದ್ಧರಾಗುತ್ತೀರಿ ಅನ್ನೋದೇ ಮುಖ್ಯ. ಮೂರರಲ್ಲಿ ಮೊದಲನೆಯದು ಸಸ್ಟೈನಬಲ್ ಫಾರ್ಮಿಂಗ್ ಇನ್ಸೆಂಟಿವ್, ಅದರ ಒಪ್ಪಂದ ಹೆಚ್ಚಾಗಿ 3 ವರ್ಷದ್ದು. ಗೇಣಿದಾರರು ಭೂಮಾಲೀಕರ ಒಪ್ಪಿಗೆ ಇಲ್ಲದೆಯೂ ಅರ್ಜಿ ಹಾಕಬಹುದು. ಹೊದಿಕೆ ಬೆಳೆ, ಬೇಲಿ ಸಾಲಿನ ಆರೈಕೆಯಂಥ ಕೆಲಸಗಳನ್ನು ನೀವೇ ಆರಿಸಿಕೊಳ್ಳಬಹುದು. ಆದರೆ ಇದನ್ನೇ ನಂಬಿ ಸಾಲ ಮಾಡಬೇಡಿ. 2025ರ ಮಾರ್ಚ್ 11ರಂದು ಹೊಸ ಅರ್ಜಿಗಳನ್ನು ದಿಢೀರನೆ ನಿಲ್ಲಿಸಿದ್ದರು. ಎಷ್ಟೋ ರೈತರು ಕಂಗಾಲಾದರು. ಅರ್ಜಿ ತೆರೆದಿದೆಯಾ ಎಂದು ಮೊದಲು ನೋಡಿಕೊಳ್ಳಿ.

ಜೌಗು, ಹಳೆಯ ಹುಲ್ಲುಗಾವಲು, ಕಾಡಿನಂಥ ವಿಶೇಷ ಜಾಗ ನಿಮ್ಮಲ್ಲಿದ್ದರೆ ಕಂಟ್ರಿಸೈಡ್ ಸ್ಟೂವರ್ಡ್‌ಶಿಪ್ ಹೈಯರ್ ಟಿಯರ್ ಒಳ್ಳೆಯದು. ತಜ್ಞರ ಸಲಹೆ ಬೇಕು, ಓಡಾಟ ಜಾಸ್ತಿ. ಅವಧಿಯೂ ಉದ್ದ, ಹಾಗಾಗಿ ಗೇಣಿ ಗಟ್ಟಿಯಾಗಿರಬೇಕು.

ಲ್ಯಾಂಡ್‌ಸ್ಕೇಪ್ ರಿಕವರಿ ಒಬ್ಬರ ಕೈಲಾಗುವ ಕೆಲಸವಲ್ಲ. ಕನಿಷ್ಠ 500 ಹೆಕ್ಟೇರ್, 20 ವರ್ಷಕ್ಕೂ ಮೇಲಿನ ಕೆಲಸ. ನೆರೆಹೊರೆಯವರು ಸೇರಿ ಒಂದು ನದಿಯನ್ನೇ ಸರಿಪಡಿಸಬೇಕೆಂದರೆ ಮಾತ್ರ ಇತ್ತ ಬನ್ನಿ. ಇನ್ನು ಜಮೀನು ವೇಲ್ಸ್ ಅಥವಾ ಸ್ಕಾಟ್ಲೆಂಡ್‌ನಲ್ಲಿದ್ದರೆ ಅಲ್ಲಿನ ಯೋಜನೆಗಳೇ ಬೇರೆ.