ಆಟೋ ಪೇ ಫಾರ್ಮ್‌ನಲ್ಲಿ ಒಂದು ಟಿಕ್: ₹1,037 ಕ್ಯಾಶ್‌ಬ್ಯಾಕ್‌ಗೆ ₹4,142 ಬಡ್ಡಿ

ಕಲಬುರಗಿಯ ಸೇಡಂ ರಸ್ತೆ ಕಡೆಯ ಒಂದು ಮನೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಕಿರಾಣಿ ಅಂಗಡಿಯಲ್ಲೂ ಉದ್ರಿ ಬರೆಸಿದವರಲ್ಲ. ಮಾಲ್‌ನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಬ್ಯಾಂಕ್ ಏಜೆಂಟ್ ಅವರಿಗೆ ಒಂದೇ ದಿನ ಎರಡನ್ನು ಕೊಟ್ಟರು: ಒಂದು ಕ್ಯಾಶ್‌ಬ್ಯಾಕ್ ಉಳಿತಾಯ ಖಾತೆ, ಅದಕ್ಕೆ ಜೋಡಿಸಿದ ಒಂದು ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್. ಆನ್‌ಲೈನ್ ಖರ್ಚಿಗೆ 5%, ಉಳಿದದ್ದಕ್ಕೆ 1% ವಾಪಸ್, ಬಿಲ್ ತಾನಾಗಿಯೇ ಖಾತೆಯಿಂದ ಕಟ್ಟಾಗುತ್ತದೆ, ನೀವು ಏನೂ ನೆನಪಿಡಬೇಕಿಲ್ಲ. ಹೇಳಿದ್ದು ಇಷ್ಟು. ಫಾರ್ಮ್ ತುಂಬಿದ್ದು ಏಜೆಂಟ್, ಸಹಿ ಹಾಕಿದ್ದು ಇವರು.

ಮೊದಲ ಬಿಲ್ಲಿನಲ್ಲೇ ಪೆಟ್ಟು ಬಿತ್ತು. ಇದರಲ್ಲಿ ಮೋಸಗಾರ ಕಳ್ಳ ಯಾರೂ ಇಲ್ಲ. ಬ್ಯಾಂಕ್ ತೆಗೆದುಕೊಂಡದ್ದೆಲ್ಲ ಸಹಿ ಹಾಕಿದ ಕಾಗದದಲ್ಲಿ ಇದ್ದದ್ದೇ. ಆದ್ದರಿಂದಲೇ ಇದನ್ನು ಬಿಡಿಸಿ ಬರೆಯಬೇಕು. ಇದೇ ಫಾರ್ಮ್‌ಗೆ ಇದೇ ರೀತಿ ಸಹಿ ಹಾಕಿದ ಮನೆಗಳು ಊರಲ್ಲಿ ಇನ್ನೂ ಇರುತ್ತವೆ.

ಆ ಕಾರ್ಡಿನ ಬಿಲ್ ಪ್ರತಿ ತಿಂಗಳ 12ಕ್ಕೆ ಮುಚ್ಚುತ್ತದೆ, ಕಟ್ಟಲು ಕೊನೆ ದಿನ ಮುಂದಿನ 1ನೇ ತಾರೀಖು. ಸೆಪ್ಟೆಂಬರ್ 16ಕ್ಕೆ ಆನ್‌ಲೈನ್‌ನಲ್ಲಿ ಫ್ರಿಜ್, ₹32,000. 20ಕ್ಕೆ ಜೆಸ್ಕಾಂ ಕರೆಂಟ್ ಬಿಲ್, ₹1,850. 25ಕ್ಕೆ ವಿಮೆ ಕಂತು, ₹9,400. ಅಕ್ಟೋಬರ್ 5ಕ್ಕೆ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ತಿಂಗಳ ಕಿರಾಣಿ, ₹3,750. ಒಟ್ಟು ₹47,000. ಮನೆಯವರ ಲೆಕ್ಕದಲ್ಲಿ ಕಿರಾಣಿ ಬಿಟ್ಟು ಉಳಿದದ್ದೆಲ್ಲ ಆನ್‌ಲೈನ್, ಹಾಗಾಗಿ ₹2,200 ವಾಪಸ್ ಬರಬೇಕು.

ಬಂದದ್ದು ₹1,037.50. ಫ್ರಿಜ್‌ಗೆ 5% ಅಂದರೆ ₹1,600, ಆದರೆ ಆನ್‌ಲೈನ್ ಕ್ಯಾಶ್‌ಬ್ಯಾಕ್‌ಗೆ ತಿಂಗಳಿಗೆ ₹1,000 ಮಿತಿ ಇತ್ತು. ಕರೆಂಟ್ ಬಿಲ್ಲಿಗೆ ಸೊನ್ನೆ, ವಿಮೆಗೆ ಸೊನ್ನೆ. ಕಿರಾಣಿಯ 1% ಮಾತ್ರ ಪೂರ್ತಿ ಸಿಕ್ಕಿತು, ₹37.50.

ಹೀಗಾಗಲು ಕಾರಣ ಅಂಗಡಿಯ ಕೋಡ್. ಕಾರ್ಡ್ ತೆಗೆದುಕೊಳ್ಳುವ ಪ್ರತಿ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ, ಎಂಸಿಸಿ ಅನ್ನುತ್ತಾರೆ. ನೀವು ಏನು ಕೊಂಡಿರಿ ಎನ್ನುವುದು ಬ್ಯಾಂಕಿಗೆ ಕಾಣುವುದಿಲ್ಲ, ಆ ಕೋಡ್ ಕಾಣುತ್ತದೆ. ಪೆಟ್ರೋಲ್, ಬಾಡಿಗೆ, ವ್ಯಾಲೆಟ್‌ಗೆ ಹಣ ಹಾಕುವುದು, ವಿಮೆ, ಕರೆಂಟ್ ನೀರಿನ ಬಿಲ್, ಶಾಲೆ ಫೀಸ್, ಸರ್ಕಾರಿ ಪಾವತಿ, ಚಿನ್ನ, ಇಎಂಐ: ಬಹಳಷ್ಟು ಕ್ಯಾಶ್‌ಬ್ಯಾಕ್ ಕಾರ್ಡುಗಳು ಇವುಗಳಲ್ಲಿ ಹೆಚ್ಚಿನವನ್ನು ಹೊರಗಿಟ್ಟಿರುತ್ತವೆ. ಮಧ್ಯಮ ವರ್ಗದ ಮನೆಯ ದೊಡ್ಡ ಖರ್ಚುಗಳೂ ಬಹುಪಾಲು ಇವೇ. ಕಾರ್ಡ್ ತೆಗೆದುಕೊಳ್ಳುವ ಮೊದಲು ಮನೆಯ ಮೂರು ತಿಂಗಳ ಖರ್ಚು ಬರೆದು, ಹೊರಗಿಟ್ಟ ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿ. ಉಳಿದ ಮೊತ್ತದ ಮೇಲೆ ಮಾತ್ರ 5% ಅಥವಾ 1% ಲೆಕ್ಕ ಹಾಕಬೇಕು, ಅದನ್ನೂ ತಿಂಗಳ ಮಿತಿಗೆ ನಿಲ್ಲಿಸಿ. ಫ್ರಿಜ್‌ನಂಥ ದೊಡ್ಡ ಖರೀದಿ ಒಂದೇ ಆದರೆ ಮಿತಿ ಮೀರಿದ ಭಾಗಕ್ಕೆ ಏನೂ ಬರುವುದಿಲ್ಲ. ಎರಡು ವಸ್ತು ಕೊಳ್ಳಬೇಕಿದ್ದರೆ ಒಂದನ್ನು ಬಿಲ್ ಮುಚ್ಚುವ ಮೊದಲು, ಇನ್ನೊಂದನ್ನು ಮುಚ್ಚಿದ ನಂತರ ಕೊಂಡರೆ ಎರಡು ತಿಂಗಳ ಮಿತಿ ಸಿಗುತ್ತದೆ.

ಸಾವಿರ ರೂಪಾಯಿ ಕಡಿಮೆ ಬಂದದ್ದನ್ನು ಆ ಮನೆಯವರು ನುಂಗಿಕೊಂಡಿದ್ದರು. ನಿಜವಾದ ಹೊಡೆತ ಬಿದ್ದದ್ದು ಬೇರೆ ಕಡೆ.

ನವೆಂಬರ್ 1, ರಾಜ್ಯೋತ್ಸವದ ದಿನ, ಫೋನಿಗೆ ಎಸ್‌ಎಂಎಸ್ ಬಂತು: ಕಾರ್ಡ್ ಪಾವತಿ ಯಶಸ್ವಿಯಾಗಿದೆ, ₹2,350. ಮನೆಯವರು 'ಯಶಸ್ವಿ' ಅನ್ನುವುದನ್ನು ಓದಿದರು, ಮೊತ್ತವನ್ನು ಓದಲಿಲ್ಲ. ₹47,000ದ 5% ಅಂದರೆ ₹2,350. ಅದೇ ಕನಿಷ್ಠ ಪಾವತಿ ಮೊತ್ತ, ಮಿನಿಮಮ್ ಡ್ಯೂ. ಆಟೋ ಪೇ ಫಾರ್ಮ್‌ನಲ್ಲಿ ಎರಡು ಚೌಕಗಳಿದ್ದವು, ಪೂರ್ತಿ ಬಾಕಿ ಮತ್ತು ಕನಿಷ್ಠ ಬಾಕಿ. ಏಜೆಂಟ್ ಎರಡನೆಯದಕ್ಕೆ ಟಿಕ್ ಹಾಕಿದ್ದರು. ಪೂರ್ತಿ ಬಿಲ್ ತೀರಿಸುವಷ್ಟು ದುಡ್ಡು ಅದೇ ಬ್ಯಾಂಕಿನ ಅದೇ ಖಾತೆಯಲ್ಲಿ ಆ ದಿನ ಇತ್ತು. ಅದು ಅಲ್ಲೇ ಕೂತಿತ್ತು, ಇಲ್ಲಿ ಬಡ್ಡಿ ಓಡುತ್ತಿತ್ತು.

ಕನಿಷ್ಠ ಬಾಕಿ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ. ಬಡ್ಡಿ ತಪ್ಪುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಕಾರ್ಡುಗಳ ಬಡ್ಡಿ ತಿಂಗಳಿಗೆ 3.5%ರಿಂದ 3.75%, ವರ್ಷಕ್ಕೆ 42ರಿಂದ 45%. ಕೊನೆ ದಿನದೊಳಗೆ ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿ ಅನ್ನುವುದೇ ರದ್ದಾಗುತ್ತದೆ. ಆಗ ಬಡ್ಡಿಯನ್ನು ಕೊನೆ ದಿನದಿಂದ ಎಣಿಸುವುದಿಲ್ಲ, ಪ್ರತಿ ವಸ್ತು ಕೊಂಡ ದಿನದಿಂದ ಎಣಿಸುತ್ತಾರೆ. ಈ ಕಾರ್ಡಿನದು 3.75%. ಫ್ರಿಜ್‌ನ ₹32,000ಕ್ಕೆ ನವೆಂಬರ್ 1ರವರೆಗೆ 46 ದಿನ. ಕರೆಂಟ್ ಬಿಲ್ಲಿಗೆ 42, ವಿಮೆಗೆ 37, ಕಿರಾಣಿಗೆ 27 ದಿನ. ₹2,350 ಕಳೆದು ಉಳಿದ ₹44,650ಕ್ಕೆ ಅಲ್ಲಿಂದ ಮುಂದೆ ದಿನದಿನವೂ.

ನವೆಂಬರ್ 12ರ ಬಿಲ್ಲಿನಲ್ಲಿ ಬಡ್ಡಿ ₹3,069.74, ಅದರ ಮೇಲೆ 18% ಜಿಎಸ್‌ಟಿ ₹552.55 ಸೇರಿ ಒಟ್ಟು ಬಾಕಿ ₹48,272.29 ಎಂದಿತ್ತು. ಇ-ಮೇಲ್‌ನಲ್ಲಿ ಬಂದ ಆ ಬಿಲ್ ತೆರೆದು ನೋಡಿದ್ದು 20ಕ್ಕೆ. ಗಾಬರಿಯಾಗಿ ಅವತ್ತೇ ಪೂರ್ತಿ ಕಟ್ಟಿದರು. ಮುಗಿಯಿತು ಅಂದುಕೊಂಡರೆ ಡಿಸೆಂಬರ್ ಬಿಲ್ಲಿನಲ್ಲಿ ಮತ್ತೆ ₹519.65. ಇದು 12ರಿಂದ 20ರವರೆಗಿನ ಎಂಟು ದಿನದ ಬಡ್ಡಿ ಮತ್ತು ಅದರ ಜಿಎಸ್‌ಟಿ. ಬಿಲ್ 12ಕ್ಕೇ ಮುಚ್ಚಿದ್ದರಿಂದ ಹಿಂದಿನದರಲ್ಲಿ ಸೇರಿರಲಿಲ್ಲ. ಬಡ್ಡಿಗೆ ಬಿದ್ದ ಕಾರ್ಡನ್ನು ತೀರಿಸಿದ ಮೇಲೂ ಮುಂದಿನ ಬಿಲ್ ನೋಡಲೇಬೇಕು ಎನ್ನುವುದು ಇದಕ್ಕೆ. ಎಷ್ಟೋ ಜನ ಈ ಉಳಿಕೆ ಬಡ್ಡಿಯನ್ನು ನೋಡದೆ ಬಿಟ್ಟು ಲೇಟ್ ಫೀ ಕಟ್ಟುತ್ತಾರೆ, ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲೂ ಗುರುತು ಬೀಳುತ್ತದೆ. ಎರಡೂ ಬಿಲ್ಲುಗಳ ಬಡ್ಡಿ, ಜಿಎಸ್‌ಟಿ ಸೇರಿ ₹4,141.94. ಅದೇ ಡಿಸೆಂಬರ್ ಬಿಲ್ಲಿನಲ್ಲಿ, ಇನ್ನೊಂದು ಸಾಲಿನಲ್ಲಿ, ಕ್ಯಾಶ್‌ಬ್ಯಾಕ್ ಜಮೆ ₹1,037.50 ಎಂದಿತ್ತು.

ಪುಣ್ಯಕ್ಕೆ ಅಕ್ಟೋಬರ್ 13ರ ನಂತರ ಅವರು ಕಾರ್ಡ್ ಉಜ್ಜಿರಲಿಲ್ಲ. ಹಳೆ ಬಾಕಿ ಇರುವಾಗ ಹೊಸದಾಗಿ ಕೊಂಡದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ ಹತ್ತುತ್ತದೆ, ಒಂದು ಹಾಲಿನ ಪಾಕೀಟಿಗೂ. ಬಾಕಿ ಪೂರ್ತಿ ತೀರುವ ತನಕ ಕಾರ್ಡನ್ನು ಪೆಟ್ಟಿಗೆಯಲ್ಲಿ ಇಡುವುದೇ ಸರಿ. ಭಾಗಶಃ ಕಟ್ಟಿದಾಗ ಬಡ್ಡಿ ಹೇಗೆ ಎಣಿಸುತ್ತಾರೆ ಎಂಬುದಕ್ಕೆ ಪ್ರತಿ ಬ್ಯಾಂಕೂ ತನ್ನ ಪ್ರಮುಖ ನಿಯಮಗಳ ಪತ್ರದಲ್ಲಿ ಲೆಕ್ಕ ಮಾಡಿ ತೋರಿಸಿದ ಉದಾಹರಣೆ ಕೊಟ್ಟಿರುತ್ತದೆ. ಎಂಐಟಿಸಿ ಅಂತ ಕೇಳಿದರೆ ಕೊಡುತ್ತಾರೆ. ಇಡೀ ಪತ್ರ ಓದಲು ಆಗದಿದ್ದರೂ ಆ ಒಂದು ಉದಾಹರಣೆ ಓದಿ.

ಉಳಿತಾಯ ಖಾತೆಯದ್ದು ಇನ್ನೊಂದು ಕಥೆ. ಅದರಲ್ಲಿ ತಿಂಗಳ ಸರಾಸರಿ ₹10,000 ಇರಬೇಕು ಎಂಬ ನಿಯಮವಿತ್ತು. ಕಾರ್ಡ್ ತೀರಿಸಲು ಖಾತೆ ಬರಿದು ಮಾಡಿದ್ದರಿಂದ ಡಿಸೆಂಬರ್‌ನಲ್ಲಿ ಸರಾಸರಿ ಕುಸಿದು ಅದಕ್ಕೂ ದಂಡ ಬಿತ್ತು. ಸರಾಸರಿ ಅಂದರೆ ದಿನವೂ ₹10,000 ಇರಬೇಕು ಅಂತಲ್ಲ. ಪ್ರತಿ ದಿನ ರಾತ್ರಿ ಖಾತೆಯಲ್ಲಿ ಉಳಿದದ್ದನ್ನು ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುತ್ತಾರೆ. 31 ದಿನದ ತಿಂಗಳಲ್ಲಿ ಆ ಕೂಡಿಕೆ ₹3,10,000 ಆದರೆ ಸಾಕು. ಜನವರಿಯಲ್ಲಿ ಗಂಜ್‌ನಲ್ಲಿ ತೊಗರಿ ಮಾರಿ ಬಂದ ₹62,000 ಐದೇ ದಿನ ಖಾತೆಯಲ್ಲಿ ಕೂತರೂ ಆ ತಿಂಗಳ ಸರಾಸರಿ ಮುಗಿಯಿತು, ಆರನೇ ದಿನ ಸಾಲಕ್ಕೋ ಬೀಜಕ್ಕೋ ಕೊಡಬಹುದು. ಆದರೆ ತೊಗರಿ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಸರಾಸರಿ ಪ್ರತಿ ತಿಂಗಳೂ ಕೇಳುತ್ತಾರೆ. ಒಕ್ಕಲುತನದ ಮನೆಗೆ ಇಂಥ ಖಾತೆ ಹೊಂದುವುದಿಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲೇ ಉಳಿತಾಯ ಖಾತೆಯ ಕನಿಷ್ಠ ಮೊತ್ತದ ನಿಯಮ ತೆಗೆದುಹಾಕಿದೆ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತೆಗೆದಿದೆ. ಡೆಬಿಟ್ ಕಾರ್ಡಿನ ಕ್ಯಾಶ್‌ಬ್ಯಾಕ್ ಎಣಿಸುವಾಗ ಅದರ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕ, ಎರಡರ ಜಿಎಸ್‌ಟಿ ಕಳೆದು ನೋಡಿ. ಬಹಳ ಸಲ ಏನೂ ಉಳಿಯುವುದಿಲ್ಲ.

ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕಕ್ಕೂ ಇದೇ ತಕ್ಕಡಿ. ₹999 ಎಂದರೆ ಜಿಎಸ್‌ಟಿ ಸೇರಿ ₹1,178.82. 1% ಕೊಡುವ ಖರ್ಚಿನಲ್ಲಿ ಇದನ್ನು ದುಡಿಯಲು ವರ್ಷಕ್ಕೆ ₹1,17,882 ಉಜ್ಜಬೇಕು. ಆಮೇಲೆ ಬಂದದ್ದು ಮಾತ್ರ ಲಾಭ. 'ಎರಡು ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ' ಅಂದಾಗ ಬಾಡಿಗೆ, ಪೆಟ್ರೋಲ್, ಇಎಂಐ ಆ ಎರಡು ಲಕ್ಷದಲ್ಲಿ ಸೇರುತ್ತವೆಯೇ ಎಂದು ಕೇಳಿ.

ಕ್ಯಾಶ್‌ಬ್ಯಾಕ್ ಸೋರಿಹೋಗುವ ಇನ್ನಷ್ಟು ತೂತುಗಳಿವೆ. ಅಂಗಡಿಯವರು ಕಾರ್ಡ್ ಉಜ್ಜಿದರೆ 2% ಜಾಸ್ತಿ ಎಂದರೆ ನಿಮ್ಮ 1% ಹೋಗಿ ಮೇಲೆ 1% ನಷ್ಟ, ಅಲ್ಲಿ ಯುಪಿಐನಿಂದ ನೇರ ಖಾತೆಯ ದುಡ್ಡು ಕೊಡಿ. ಬಂಕ್‌ನಲ್ಲಿ 1% ಸರ್ಚಾರ್ಜ್ ವಾಪಸ್ ಕೊಟ್ಟರೂ ಅದರ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಬರುವುದಿಲ್ಲ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ದುಡ್ಡು ತೆಗೆಯಲೇಬೇಡಿ. 2.5% ಅಥವಾ ಕನಿಷ್ಠ ₹500 ಶುಲ್ಕ ಎನ್ನುವುದು ವಾಡಿಕೆ, ₹5,000 ತೆಗೆದರೂ ಜಿಎಸ್‌ಟಿ ಸೇರಿ ₹590 ಹೋಯಿತು, ಬಡ್ಡಿ ಆ ಕ್ಷಣದಿಂದಲೇ.

'ನೋ ಕಾಸ್ಟ್ ಇಎಂಐ' ಅನ್ನುವುದನ್ನೂ ನಂಬಿ ಕೂರಬೇಡಿ. ಶೂನ್ಯ ಬಡ್ಡಿ ಎನ್ನುವುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಈಗ ಬಡ್ಡಿಯಷ್ಟು ರಿಯಾಯಿತಿಯನ್ನು ಮುಂಚೆಯೇ ಬೆಲೆಯಲ್ಲಿ ಕಳೆದು, ಆಮೇಲೆ ಕಂತಿನಲ್ಲಿ ಬಡ್ಡಿ ಹಾಕುತ್ತಾರೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮದೇ. ಪ್ರೊಸೆಸಿಂಗ್ ಶುಲ್ಕ ₹199 ಇದ್ದರೆ ಅದಕ್ಕೂ ಜಿಎಸ್‌ಟಿ ಸೇರಿ ₹234.82. ಜೊತೆಗೆ ಆ ಖರೀದಿಗೆ ಸಾಮಾನ್ಯವಾಗಿ ಕ್ಯಾಶ್‌ಬ್ಯಾಕ್ ಇಲ್ಲ.

'ನಿಮ್ಮ ಕ್ಯಾಶ್‌ಬ್ಯಾಕ್ ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ' ಎಂದು ಲಿಂಕ್ ಅಥವಾ ಫೋನಿಗೆ ಆ್ಯಪ್ ಹಾಕುವ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಕ್ಯಾಶ್‌ಬ್ಯಾಕ್ ಪಡೆಯಲು ಒಟಿಪಿಯಾಗಲಿ ಯುಪಿಐ ಪಿನ್ ಆಗಲಿ ಬೇಕಿಲ್ಲ, ಪಿನ್ ಇರುವುದು ದುಡ್ಡು ಕಳಿಸಲು. ಕೈತಪ್ಪಿದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಟಿಪಿ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದೇ ಎನ್ನುತ್ತದೆ ನಿಯಮ. ಹಾಗಾಗಿ ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆ ಇದೆ.

ಇನ್ನು ನಿಮ್ಮ ಕೈಯಲ್ಲಿರುವ ಹಕ್ಕುಗಳು. ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮಗಳು 2022ರ ಜುಲೈ 1ರಿಂದ ಜಾರಿಗೆ ಬಂದವು. ಅರ್ಜಿಯ ಜೊತೆಗೇ ಬಡ್ಡಿ ಮತ್ತು ಶುಲ್ಕ ಬರೆದ ಒಂದು ಪುಟದ ಮುಖ್ಯಾಂಶ ಪತ್ರ ಕೊಡಬೇಕು. ಷರತ್ತುಗಳು ಗ್ರಾಹಕರಿಗೆ ತಿಳಿಯುವ ಸರಳ ಭಾಷೆಯಲ್ಲಿ, ಸಾಧ್ಯವಾದಷ್ಟೂ ಸ್ಥಳೀಯ ಭಾಷೆಯಲ್ಲೂ ಇರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳಲು ಸಂಕೋಚ ಬೇಡ. ಆ ಮನೆಯವರಿಗೆ ಕನ್ನಡದಲ್ಲಿ 'ಕನಿಷ್ಠ ಬಾಕಿ ಮಾತ್ರ' ಎಂದು ಕಂಡಿದ್ದರೆ ಅವರು ಪೆನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಿ ಎಂದು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ ₹500ರಂತೆ ನಿಮಗೆ ಕೊಡಬೇಕು. ಬಿಲ್ ಮುಚ್ಚುವ ದಿನವನ್ನು ಕನಿಷ್ಠ ಒಂದು ಸಲ ಬದಲಾಯಿಸಿಕೊಳ್ಳಬಹುದು. ಸಂಬಳ 1ಕ್ಕೆ ಬರುವವರು ಕೊನೆ ದಿನ 5ರ ಆಸುಪಾಸು ಬೀಳುವಂತೆ ಮಾಡಿಸಿಕೊಳ್ಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ, ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಉಚಿತವಾಗಿ ದೂರು ಹಾಕಬಹುದು. ಸಹಾಯವಾಣಿ 14448.

ಈಗಾಗಲೇ ಕಾರ್ಡ್ ಇರುವವರು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಬ್ಯಾಂಕ್ ಆ್ಯಪ್ ತೆರೆದು ಕಾರ್ಡಿನ ಆಟೋ ಪೇ ವಿಭಾಗಕ್ಕೆ ಹೋಗಿ. ಅಲ್ಲಿ 'ಟೋಟಲ್ ಅಮೌಂಟ್ ಡ್ಯೂ' ಇದೆಯೋ 'ಮಿನಿಮಮ್ ಅಮೌಂಟ್ ಡ್ಯೂ' ಇದೆಯೋ ನೋಡಿ. ಮಿನಿಮಮ್ ಇದ್ದರೆ ಬದಲಿಸಿ, ಬದಲಿಸಿದ ಪರದೆಯ ಫೋಟೊ ಇಟ್ಟುಕೊಳ್ಳಿ. ಬಿಲ್ ಆಗಲೇ ಮುಚ್ಚಿದ್ದರೆ ಬದಲಾವಣೆ ಮುಂದಿನ ಬಿಲ್ಲಿಗೆ ಮಾತ್ರ ತಾಗಬಹುದು. ಆದ್ದರಿಂದ ಈ ತಿಂಗಳ ಬಿಲ್ಲನ್ನು ಕೈಯಾರೆ, ಪೂರ್ತಿ, ಕೊನೆ ದಿನಕ್ಕೆ ಮೂರು ದಿನ ಮೊದಲೇ ಕಟ್ಟಿ. ಬೇರೆ ಆ್ಯಪ್‌ನಿಂದ ಕಟ್ಟಿದ್ದು ಕಾರ್ಡಿಗೆ ಜಮೆಯಾಗಲು ಒಂದೆರಡು ದಿನ ಹಿಡಿಯುವುದುಂಟು.