ಫೆಂಡರ್ ಬ್ಲೂಸ್ ಜೂನಿಯರ್: ಮನೆಯಲ್ಲೇ ಮಾಡಿದ ರಿಪೇರಿಯ ಮರುದಿನ

ಗಿಟಾರ್‌ನ ಈ ಆಂಪ್ಲಿಫೈಯರ್ (ಆಂಪ್) ಇಷ್ಟು: 15 ವ್ಯಾಟ್, ಎರಡು ಇಎಲ್84 ಪವರ್ ಟ್ಯೂಬ್, ಮೂರು 12ಎಎಕ್ಸ್7 ಟ್ಯೂಬ್, 12 ಇಂಚಿನ ಒಂದು ಸ್ಪೀಕರ್, ಸ್ಪ್ರಿಂಗ್ ರಿವರ್ಬ್ (ಸ್ಪ್ರಿಂಗ್‌ನಿಂದ ಹುಟ್ಟುವ ಅನುರಣನ). ಒಂದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಟ್ಯೂಬ್ ಆಂಪ್‌ಗಳಲ್ಲಿ ಬ್ಲೂಸ್ ಜೂನಿಯರ್ ಇಷ್ಟು ವರ್ಷ ನಿಂತಿದ್ದು ಅದರ ದನಿಯಿಂದಲೇ. ಆ ದನಿಗೆ ಪೂರ್ಣ ಅಂಕ ಕೊಡಬಹುದು. ಒಳಗಿನ ಕಟ್ಟೋಣಕ್ಕೆ ಕೊಡಲಾಗದು. ಹಳೆಯ ಫೆಂಡರ್‌ಗಳಲ್ಲಿ ಕೈಯಿಂದಲೇ ತಂತಿ ಎಳೆದು ಬೆಸುಗೆ ಹಾಕಿದ ಜಾಗದಲ್ಲಿ ಇಲ್ಲಿ ಸರ್ಕ್ಯೂಟ್ ಬೋರ್ಡ್ ಇದೆ. ಅದರ ಕೆಳಮೈ ನೋಡಬೇಕೆಂದರೆ ಎಲ್ಲ ನಾಬ್, ಎಲ್ಲ ನಟ್ ಬಿಚ್ಚಿ ಬೋರ್ಡನ್ನೇ ಹೊರತೆಗೆಯಬೇಕು. ಹಾಗಾಗಿ ಮೊದಲಿದ್ದ ದೋಷ ಹೋಗಿ, ಬಿಚ್ಚಿ ಕಟ್ಟುವಾಗ ಹೊಸದೊಂದು ಹುಟ್ಟುವುದು ಈ ಆಂಪ್‌ನಲ್ಲಿ ತೀರಾ ಸಾಮಾನ್ಯ. ರಿಪೇರಿಯ ನಂತರ ಕೆಟ್ಟ ಸದ್ದು ಬಂದರೆ ಟ್ಯೂಬ್ ಬದಲಿಸಲು ಓಡಬೇಡಿ. ಕೈ ಆಡಿದ ಜಾಗವನ್ನೇ ಮೊದಲು ನೋಡಿ.

ಒಳಗೆ 300 ವೋಲ್ಟ್ ಮೀರಿದ ಡಿಸಿ ಇದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರ್‌ಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ, ಒಂದು ತುದಿ ಷಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ), ಇನ್ನೊಂದು ಮೊದಲ ಕೆಪಾಸಿಟರ್‌ನ ಪಾಸಿಟಿವ್‌ಗೆ ಅರ್ಧ ನಿಮಿಷ ಹಿಡಿದು, ಮೀಟರ್ 10 ವೋಲ್ಟ್‌ಗಿಂತ ಕಡಿಮೆ ತೋರಿಸಿದ ಮೇಲೆಯೇ ಮುಟ್ಟಿ. ಸ್ಕ್ರೂಡ್ರೈವರ್‌ನಿಂದ ಷಾರ್ಟ್ ಮಾಡಿದರೆ ಬೋರ್ಡ್‌ನ ತಾಮ್ರದ ಗೆರೆ ಹಾರಿಹೋಗಬಹುದು.

ಮೊದಲ ಸಲ ಕರೆಂಟ್ ಕೊಡುವಾಗ ಆಂಪ್‌ನ ಜೊತೆ ಸರಣಿಯಲ್ಲಿ ಒಂದು ಹಳೇ ಕಾಲದ ತಂತಿ (ಫಿಲಮೆಂಟ್) ಬಲ್ಬ್ ಇರಲಿ, ಎಲ್ಇಡಿ ಆಗದು. ಟ್ಯೂಬ್‌ಗಳನ್ನೆಲ್ಲ ಕಿತ್ತಿಟ್ಟು 60 ವ್ಯಾಟ್‌ನ ಬಲ್ಬ್ ಹಾಕಿ. ಒಮ್ಮೆ ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಷಾರ್ಟ್ ಇದೆ: ತಿರುಗುಮುರುಗಾದ ಕೆಪಾಸಿಟರ್, ಸತ್ತ ಡಯೋಡ್, ಇಲ್ಲವೇ ಬೆಸುಗೆಯ ಹನಿ. ಬಲ್ಬ್ ಮಂಕಾದ ಮೇಲೆ ಟ್ಯೂಬ್ ಇಲ್ಲದ ಸಾಕೆಟ್‌ಗಳನ್ನು ಅಳೆಯಿರಿ. ಎರಡೂ ಇಎಲ್84 ಸಾಕೆಟ್‌ಗಳ 7 ಮತ್ತು 9ನೇ ಪಿನ್‌ನಲ್ಲಿ ಹೈ ವೋಲ್ಟೇಜ್, 4 ಮತ್ತು 5ರ ನಡುವೆ ಸುಮಾರು 6.3 ವೋಲ್ಟ್ ಎಸಿ, 2ನೇ ಪಿನ್‌ನಲ್ಲಿ ಮೈನಸ್ ವೋಲ್ಟೇಜ್ ಇರಬೇಕು. ಬಯಾಸ್ ಎನ್ನುವ, ಟ್ಯೂಬ್‌ನ ಕರೆಂಟನ್ನು ಹಿಡಿತದಲ್ಲಿಡುವ ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಒಂದು ಸಾಕೆಟ್‌ನಲ್ಲಿ ಮೈನಸ್ 11ರ ಆಸುಪಾಸು ಇದ್ದು ಇನ್ನೊಂದರಲ್ಲಿ ಸೊನ್ನೆ ಇದ್ದರೆ ಟ್ಯೂಬ್ ಹಾಕಲೇಬೇಡಿ, ಹಾಕಿದ ನಿಮಿಷದಲ್ಲೇ ಅದರ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಪಾಗುತ್ತದೆ.

ಹಾಗೆ ಒಂದೇ ಕಡೆ ಬಯಾಸ್ ತಪ್ಪಿಹೋಗಲು ಹೆಚ್ಚಾಗಿ ಕಾರಣ ರಿಬ್ಬನ್ ಕೇಬಲ್. ಟ್ಯೂಬ್ ಸಾಕೆಟ್‌ಗಳು ಬೇರೆಯೇ ಒಂದು ಚಿಕ್ಕ ಬೋರ್ಡ್ ಮೇಲಿವೆ. ಅದಕ್ಕೂ ಮುಖ್ಯ ಬೋರ್ಡ್‌ಗೂ ನಡುವಿನ ಸಂಬಂಧವೆಲ್ಲ ಈ ಗಟ್ಟಿ ತಂತಿಗಳ ಪಟ್ಟಿಯ ಮೂಲಕ. ಬೋರ್ಡನ್ನು ಎರಡು ಮೂರು ಸಲ ಎತ್ತಿ ಮಡಚಿದರೆ ಬೆಸುಗೆಯ ಬುಡದಲ್ಲೇ ತಂತಿ ಮುರಿಯುತ್ತದೆ, ಪ್ಲಾಸ್ಟಿಕ್ ಹೊದಿಕೆ ಮಾತ್ರ ಹಿಡಿದುಕೊಂಡಿರುತ್ತದೆ. ಕಣ್ಣಿಗೆ ಎಲ್ಲ ಸರಿ. ತಣ್ಣಗಿದ್ದಾಗ ಹಾಡಿ ಬಿಸಿಯಾದಾಗ ಮೌನವಾಗುವ, ಬಡಿದರೆ ಮತ್ತೆ ಬರುವ ಆಂಪ್‌ಗಳಲ್ಲಿ ಮೊದಲು ಇದನ್ನೇ ಶಂಕಿಸಬೇಕು. ಕರೆಂಟ್ ಇಲ್ಲದಾಗ ಒಂದೊಂದೇ ತಂತಿಯ ಎರಡು ತುದಿಗೆ ಮೀಟರ್ ಇಟ್ಟು, ಒಣ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಅಲುಗಿಸಿದರೆ ಸಿಕ್ಕಿಬೀಳುತ್ತದೆ. ಒಂದು ತಂತಿ ಮುರಿದಿದ್ದರೆ ಉಳಿದವೂ ಸರದಿಯಲ್ಲಿವೆ ಎಂದೇ ತಿಳಿಯಿರಿ. ಹೆಚ್ಚು ಎಳೆಗಳ ಮೆದು ತಂತಿಯಿಂದ ಎಲ್ಲವನ್ನೂ ಬದಲಿಸುವುದು ಒಂದು ಸಂಜೆಯ ಕೆಲಸ.

ಎರಡೂ ಸಾಕೆಟ್‌ಗಳಲ್ಲಿ ಬಯಾಸ್ ಇಲ್ಲವೆಂದರೆ ಬಯಾಸ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ನೋಡಿ. ಇದು ಮೈನಸ್ ಸಪ್ಲೈ, ಆದ್ದರಿಂದ ಕೆಪಾಸಿಟರ್‌ನ ಪಾಸಿಟಿವ್ ಕಾಲು ಗ್ರೌಂಡ್‌ಗೆ ಹೋಗಬೇಕು. ಉಳಿದ ಎಲ್ಲವನ್ನೂ ನೆಗೆಟಿವ್ ಗ್ರೌಂಡ್‌ಗೆ ಹಾಕುತ್ತಾ ಬಂದ ಕೈ ಇಲ್ಲೂ ಹಾಗೆಯೇ ಹಾಕಿಬಿಡುತ್ತದೆ.

ಬಯಾಸ್ ಸರಿಯಿದ್ದರೆ ಸ್ಪೀಕರ್ ಪ್ಲಗ್ ಸಿಕ್ಕಿಸಿ (ಸ್ಪೀಕರ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು), ಟ್ಯೂಬ್‌ಗಳನ್ನು ಹಾಕಿ, 100 ವ್ಯಾಟ್‌ನ ಬಲ್ಬ್ ಮೂಲಕ ಶುರು ಮಾಡಿ, ಪ್ಲೇಟ್ ಕೆಂಪಾಗದಿದ್ದರೆ ಬಲ್ಬ್ ತೆಗೆದು ನೇರ ಕರೆಂಟ್ ಕೊಡಿ. ಈಗ ಟ್ಯೂಬ್ ಎಷ್ಟು ದುಡಿಯುತ್ತಿದೆ ಎಂದು ಅಳೆಯಬೇಕು. ಆಂಪ್ ಆರಿಸಿ ಚಾರ್ಜ್ ಇಳಿಸಿದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕೆಂಪು ತಂತಿಯಿಂದ ನೀಲಿ ಮತ್ತು ಕಂದು ತಂತಿಗಳಿಗೆ ಎಷ್ಟು ಓಮ್ ಎಂದು ಬರೆದುಕೊಳ್ಳಿ. ಆಮೇಲೆ ಆನ್ ಇದ್ದಾಗ ಅದೇ ಎರಡು ಬಿಂದುಗಳ ನಡುವಿನ ಡಿಸಿ ವೋಲ್ಟ್ ನೋಡಿ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಕರೆಂಟ್. ಉದಾಹರಣೆಗೆ 110 ಓಮ್‌ಗೆ 4 ವೋಲ್ಟ್ ಬಂದರೆ 36 ಮಿಲಿಆಂಪ್. ಪ್ಲೇಟ್‌ನಲ್ಲಿ 315 ವೋಲ್ಟ್ ಇದ್ದರೆ, ಎರಡನ್ನೂ ಗುಣಿಸಿದಾಗ 11.3 ವ್ಯಾಟ್. ಇಎಲ್84ರ ಪ್ಲೇಟ್ ಮಿತಿ 12 ವ್ಯಾಟ್. ಅಂದರೆ ಸುಮ್ಮನೆ ಕೂತಿರುವಾಗಲೇ ಟ್ಯೂಬ್ ಏದುಸಿರು ಬಿಡುತ್ತಿದೆ. ಈ ಆಂಪ್ ಬಿಸಿ ಬಯಾಸ್‌ಗೆ ಹೆಸರುವಾಸಿ, ತಿರುಗಿಸಿ ಹೊಂದಿಸಲು ಟ್ರಿಮ್ಮರ್ ಕೂಡ ಇಲ್ಲ. ಕೆನೆಬಣ್ಣದ ಬೋರ್ಡ್‌ನ ಆವೃತ್ತಿಯಲ್ಲಿ ಆರ್31 ಎಂಬ 22 ಕಿಲೋ ಓಮ್ ರೆಸಿಸ್ಟರ್ ತೆಗೆದು 33 ಕಿಲೋ ಓಮ್ ಹಾಕುವುದು ರೂಢಿ. ಬೇರೆ ಆವೃತ್ತಿಯಾದರೆ ಅದರದೇ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ನೋಡದೆ ಕೈ ಹಾಕಬೇಡಿ. ಮಿತಿಯ ಎಪ್ಪತ್ತು ಪರ್ಸೆಂಟ್, ಅಂದರೆ 8.4 ವ್ಯಾಟ್ ಸುತ್ತಮುತ್ತ ನಿಂತರೆ ದನಿಯೂ ಉಳಿಯುತ್ತದೆ, ಟ್ಯೂಬೂ ಬಾಳುತ್ತದೆ.

ಗುಂಯ್‌ಗುಡುವ ಸದ್ದಿಗೆ ಮೊದಲ 12ಎಎಕ್ಸ್7ರಿಂದ ಶುರು ಮಾಡಿ, ಪ್ರತಿ ಸಲ ಆರಿಸಿ, ಒಂದೊಂದಾಗಿ ಟ್ಯೂಬ್ ಕೀಳಿ. ಮೂರನ್ನೂ ಕಿತ್ತರೂ ನಿಲ್ಲದಿದ್ದರೆ ತೊಂದರೆ ಸಪ್ಲೈಯಲ್ಲಿ ಅಥವಾ ಇಎಲ್84 ಜೋಡಿಯಲ್ಲಿದೆ. ಎರಡು ಟ್ಯೂಬ್‌ಗಳ ಕರೆಂಟ್ ಸಮವಾಗಿದ್ದರೆ ಸಪ್ಲೈಯ 100 ಹರ್ಟ್ಸ್ ಏರಿಳಿತ ಟ್ರಾನ್ಸ್‌ಫಾರ್ಮರ್‌ನಲ್ಲಿ ಪರಸ್ಪರ ಕಳೆದುಹೋಗುತ್ತದೆ. ಜೋಡಿ ತಪ್ಪಿದರೆ ಸ್ಪೀಕರ್‌ಗೆ ಬರುತ್ತದೆ. ಹಾಗಾಗಿ ಹೊಸ ಕೆಪಾಸಿಟರ್ ಹಾಕಿದರೂ ಗುಂಯ್ ನಿಲ್ಲಲಿಲ್ಲ ಎನ್ನುವವರು ಎರಡು ಕರೆಂಟ್‌ಗಳನ್ನು ಹೋಲಿಸಿ ನೋಡಲಿ. ಟ್ರಾನ್ಸ್‌ಫಾರ್ಮರ್ ಬದಲಿಸಿದ ಮೇಲೆ ವಾಲ್ಯೂಮ್ ಸೊನ್ನೆಯಲ್ಲೂ ಕಿರುಚಿದರೆ ನೀಲಿ ಮತ್ತು ಕಂದು ತಂತಿಗಳು ಅದಲುಬದಲಾಗಿವೆ. ಔಟ್‌ಪುಟ್‌ನಿಂದ ಹಿಂದಕ್ಕೆ ಕಳುಹಿಸುವ ನೆಗೆಟಿವ್ ಫೀಡ್‌ಬ್ಯಾಕ್ ಪಾಸಿಟಿವ್ ಆಗಿಬಿಟ್ಟಿದೆ, ತಿರುಗಿಸಿದರೆ ಮುಗಿಯಿತು.

ಫಿಲ್ಟರ್ ಕೆಪಾಸಿಟರ್‌ಗಳು ನಾಲ್ಕು: 47 ಮೈಕ್ರೋಫ್ಯಾರಡ್ ಒಂದು, 22ರವು ಮೂರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕುವವರು 450 ವೋಲ್ಟ್‌ಗೆ ಕಡಿಮೆಯಿಲ್ಲದ, 105 ಡಿಗ್ರಿಯದನ್ನೇ ಕೇಳಿ. ಮಲಗಿಸುವ ಆಕ್ಸಿಯಲ್ ಸಿಗದೆ ನಿಲ್ಲುವ ರೇಡಿಯಲ್ ಸಿಕ್ಕರೆ, ಉದ್ದನೆಯ ಕಾಲಿಗೆ ಸ್ಲೀವ್ ತೊಡಿಸಿ, ಮೈಯನ್ನು ಸಿಲಿಕೋನ್‌ನಿಂದ ಬೋರ್ಡ್‌ಗೆ ಅಂಟಿಸಿ. ಇಲ್ಲದಿದ್ದರೆ ಸ್ಪೀಕರ್‌ನ ಅದುರುವಿಕೆಗೆ ಬೆಸುಗೆ ಬಿಡುತ್ತದೆ. ಹಳೆಯದನ್ನು ಕೀಳುವಾಗ ಮೊದಲು ಮೈ ಕತ್ತರಿಸಿ, ಕಾಲುಗಳನ್ನು ಒಂದೊಂದಾಗಿ ಕಾಯಿಸಿ ತೆಗೆಯಿರಿ. ಜಗ್ಗಿದರೆ ತಾಮ್ರದ ಪ್ಯಾಡ್ ಎದ್ದು ಬರುತ್ತದೆ.

ಅಮೆರಿಕದಿಂದ ತಂದ 120 ವೋಲ್ಟ್‌ನ ಆಂಪ್‌ಗೆ 300 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ಆದರೆ 60 ಹರ್ಟ್ಸ್‌ಗೆ ಮಾತ್ರ ಸುತ್ತಿದ ಪವರ್ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ. ಮೊದಲ ದಿನ ಒಂದು ಗಂಟೆ ಓಡಿಸಿ, ಆರಿಸಿ, ಮೈ ಮುಟ್ಟಿ ನೋಡಿ. ಫ್ಯೂಸ್ ಹಾರಿದರೆ ಹಿಂಬದಿಯಲ್ಲಿ ಬರೆದಷ್ಟೇ ಆಂಪಿಯರ್‌ನದ್ದನ್ನು ಹಾಕಬೇಕು, ಒಂದು ಮೆಟ್ಟಿಲು ದೊಡ್ಡದೂ ಬೇಡ.

ಮೀಟರ್ ಹಿಡಿಯಲು ಬರುವವರಿಗೆ ಬ್ಲೂಸ್ ಜೂನಿಯರನ್ನು ಧೈರ್ಯವಾಗಿ ಹೇಳಬಹುದು. ಬೆಸುಗೆ ಹಾಕುವುದನ್ನು ಇದರ ಮೇಲೇ ಕಲಿಯುತ್ತೇನೆ ಎನ್ನುವವರಿಗೆ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂಬದಿಯ ಹಲಗೆ ಬಿಚ್ಚಿಸಿ, ತಲೆಕೆಳಗಾಗಿ ನೇತಾಡುವ ಇಎಲ್84ಗಳ ಬುಡದ ಬೋರ್ಡ್ ಕಂದಾಗಿ ಸುಟ್ಟಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ, ಜಾಕ್‌ಗೆ ಕೇಬಲ್ ಸಿಕ್ಕಿಸಿ ಮೆಲ್ಲಗೆ ಅಲ್ಲಾಡಿಸಿ. ಕರಕರ ಎಂದರೆ ಜಾಕ್‌ನ ಬೆಸುಗೆ ಬಿಟ್ಟಿದೆ. ಚಿಕ್ಕ ದೋಷವೇ, ಆದರೆ ಸರಿಮಾಡಲು ಇಡೀ ಬೋರ್ಡ್ ಹೊರಬರಬೇಕು, ರಿಬ್ಬನ್ ಇನ್ನೊಮ್ಮೆ ಮಡಚಬೇಕು. ಬೆಲೆ ಮಾತಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.